ಅಳಿಯನಿಗೆ ಉಡಿ ತುಂಬಿದ್ದು

ಮಿಲಿಟರಿಯವರ ಹೆಂಡತಿ ಎಂದು ಹೇಳಿಕೊಳ್ಳುವುದರಲ್ಲಿ ನನಗಿರುವಷ್ಟು ಜಂಬ ಸ್ವತಃ ಮಿಲಿಟರಿಯಲ್ಲಿದ್ದ ನನ್ನ ಗಂಡನಿಗೂ ಇಲ್ಲ. ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಗಲಿ, ರೇಷನ್ ಅಂಗಡಿಯ ಸಾಲಿನಲ್ಲಿ ಯಾರಾದರೂ ಮುಂದೆ ನುಗ್ಗಲಿ, ಕೊನೆಗೆ ಟೊಮೆಟೊ ಮಾರುವವಳು ಕೊಳೆತ ಹಣ್ಣು ಹಾಕಲಿ, "ನಾವು ಮಿಲ್ಟ್ರಿಯವ್ರು ನೋಡ್ರಿ" ಎಂಬ ಮಾತು ನನ್ನ ಬಾಯಿಂದ ತಾನಾಗಿ ಹೊರಬೀಳುತ್ತದೆ. ನನ್ನವರು ಸುಬೇದಾರರಾಗಿ ನಿವೃತ್ತರಾಗಿ, ರಾಯಚೂರಿನಲ್ಲಿ ಮನೆ ಕಟ್ಟಿಸಿ, ಅಂಗಳದಲ್ಲಿ ಹಚ್ಚಿದ ಕರಿಬೇವಿನ ಗಿಡ ಮಾಳಿಗೆ ಮುಟ್ಟಿದರೂ ನನ್ನ ಸರ್ವೀಸು ಮಾತ್ರ ಮುಗಿದಿಲ್ಲ. ಶಾಲೆಯಲ್ಲಿ ಕನ್ನಡ ಪಾಠ ಮಾಡುವಾಗಲೂ ಸಂಧಿ ಸಮಾಸಗಳ ನಡುವೆ ಎಲ್ಲಿಂದಲೋ ಫಿರೋಜ್‌ಪುರದ ಕ್ವಾರ್ಟರ್ಸು ನುಸುಳಿಬಿಡುತ್ತದೆ. ಮಕ್ಕಳಿಗೂ ಅದೇ ಬೇಕು. ಪಾಠ ಬೇಡವಾದ ದಿನ ಯಾರಾದರೊಬ್ಬರು ಎದ್ದು, "ಟೀಚರ್, ಪಂಜಾಬಿನಾಗ ಚಳಿ ಭಾಳ ಇರ್ತದೇನ್ರಿ?" ಎಂದು ಕೇಳುತ್ತಾರೆ. ಅಷ್ಟೇ, ಆ ಪೀರಿಯಡ್ಡು ಹುತಾತ್ಮವಾಯಿತೆಂದೇ ಲೆಕ್ಕ.

ಇಂಥ ನನ್ನ ಜಂಬಕ್ಕೆ ಈಚೆಗೆ ಒಂದು ಪೆಟ್ಟು ಬಿತ್ತು. ಅದು ಶುರುವಾದದ್ದು ತಿಮ್ಮಾರೆಡ್ಡಿಯಿಂದ. ಈತ ನನ್ನವರ ಹಳೆಯ ಜೊತೆಗಾರ, ನಿವೃತ್ತ ಹವಾಲ್ದಾರ. ತೆಲುಗು ಸೀಮೆಗೆ ಹತ್ತಿದ ಊರಿನವನಾದ್ದರಿಂದ ನನ್ನನ್ನು ಅತ್ತಿಗೆ ಎನ್ನದೆ ವದಿನಾ ಎನ್ನುತ್ತಾನೆ. ಒಂದು ಬೆಳಿಗ್ಗೆ ಚಹಾದ ಹೊತ್ತಿಗೆ ಸರಿಯಾಗಿ ಬಂದು ಕುರ್ಚಿ ಎಳೆದುಕೊಂಡ. "ವದಿನಾ, ಸೈನಿಕರಿಗಿ ಎಲ್ಲಾರೂ ಶಾಲು ಹೊದಿಸ್ತಾರ. ಅವರ ಹೆಂಡ್ರಿಗಿ ಯಾರರ ಹೊದಿಸ್ಯಾರೇನು? ನಾವು ನಾಕು ಮಂದಿ ಮಾಜಿ ಸೈನಿಕರು ಕೂಡಿ ಶಾಲು ಹೊದಿಸಿ, ಸೆರಗಿಗಿ ಅಕ್ಕಿ ಕಾಯಿ ಹಾಕಿ ಉಡಿ ತುಂಬಿಸಾಕತ್ತೀವಿ. ಬರೋ ಭಾನುವಾರದ ಮುಂದಿನ ಭಾನುವಾರ, ಕಲ್ಯಾಣ ಮಂಟಪದಾಗ" ಎಂದ. ಆತ ಮಾತು ಮುಗಿಸುವ ಮೊದಲೇ ನಾನು ಮನಸ್ಸಿನಲ್ಲೇ ಇಳಕಲ್ ಸೀರೆಯ ಮಡಿಕೆ ಬಿಚ್ಚಿದ್ದೆ. "ನಿಮ್ಮ ಮನಿಯಾಗ ಮೂರು ತಲಿಮಾರು ಅದಾವ ವದಿನಾ! ನಿಮ್ಮ ಅತ್ತಿ, ನೀವು, ನಿಮ್ಮ ಮಗಳು ಸುಜಾತಾ. ಮೂವರನ್ನೂ ಸಾಲಾಗಿ ಸ್ಟೇಜಿನ ಮ್ಯಾಲ ನಿಲ್ಲಿಸಿದ್ರ ಫೋಟೋ ಎಷ್ಟು ಚೆಂದ ಬರ್ತದ!"

ಪೇಪರಿನ ಹಿಂದಿನಿಂದ ನನ್ನವರ ದನಿ ಬಂತು: "ಸುಜಾತಾ ಸೋಲ್ಜರ್ ಹೆಂಡ್ತಿ ಅಲ್ಲಲೇ ರೆಡ್ಡಿ. ಅಕೀನ ಸೋಲ್ಜರು."

ಅದು ನಿಜ. ನಮ್ಮ ಮಗಳು ಸೈನ್ಯದ ಸಿಗ್ನಲ್ ವಿಭಾಗದಲ್ಲಿ ಕ್ಯಾಪ್ಟನ್; ಹಿಮ ಬೀಳುವ ಗಡಿಗೆ ಹೋದವಳು. ದೇಶಕ್ಕೆಲ್ಲ ಸಿಗ್ನಲ್ ಕೊಡುವ ಹುಡುಗಿಯ ಸ್ವಂತ ಮೊಬೈಲಿಗೆ ಮಾತ್ರ ತಿಂಗಳಲ್ಲಿ ಹದಿನೈದು ದಿನ ಸಿಗ್ನಲ್ ಇರುವುದಿಲ್ಲ. ತಿಮ್ಮಾರೆಡ್ಡಿ ಚಹಾದ ಕಪ್ಪನ್ನು ಗಾಳಿಯಲ್ಲೇ ಹಿಡಿದುಕೊಂಡು ಯೋಚಿಸಿ, ಬಾಯಿ ದೊಡ್ಡದು ಮಾಡಿ ಕೇಳಿದ: "ಹಂಗಾದ್ರ ಮೂರನೇ ಹೆಂಡ್ತಿ ಯಾರು?" ಗೇಟಿನ ಮುಂದೆ ಹೋಗುತ್ತಿದ್ದ ಪಕ್ಕದ ಮನೆಯಾಕೆ ಅಲ್ಲೇ ನಿಂತು, ನನ್ನ ಗಂಡನನ್ನು ಎಂದೂ ಇಲ್ಲದ ಆಸಕ್ತಿಯಿಂದ ನೋಡಿದಳು.

ಈ ಪ್ರಶ್ನೆಯನ್ನು ಅತ್ತೆಯೇ ಬಗೆಹರಿಸಲಿ ಎಂದು, ಕರೆಯಲೂ ಹೋದಂತಾಯಿತು ಎಂದು, ಮರುದಿನವೇ ದೇವದುರ್ಗದ ಬಸ್ಸು ಹತ್ತಿದೆವು. ಅತ್ತೆ ಹನುಮವ್ವ ಅಲ್ಲಿ ನನ್ನ ಮೈದುನನ ಮನೆಯಲ್ಲಿದ್ದಾರೆ. ಕೂಲಿ ಮಾಡಿ ಮಕ್ಕಳನ್ನು ಓದಿಸಿದವರು; ಇವತ್ತಿಗೂ ಕೈ ಸುಮ್ಮನಿರದು, ಏನಾದರೂ ಒಂದು ಸೊಪ್ಪು ಸೋಸುತ್ತಲೇ ಮಾತಾಡುತ್ತಾರೆ. ಅವರ ಕಾಲದ ಮಿಲಿಟರಿ ಹೆಂಡತಿಯ ಬಾಳನ್ನು ಅವರ ಬಾಯಿಂದಲೇ ಕೇಳಬೇಕು. ಮಾವನವರು ಲಗ್ನವಾದ ಕೆಲವೇ ದಿನಕ್ಕೆ ಸೈನ್ಯಕ್ಕೆ ಹೋದವರು, ತಿರುಗಿ ಬರುವಷ್ಟರಲ್ಲಿ ಹುಡುಗ ಹೋಗಿ ಗಂಡಸಾಗಿದ್ದರಂತೆ. ಖಾಕಿ ಬಟ್ಟೆ, ಬೂಟು, ಗಿರಿಜಾ ಮೀಸೆ. ಬಾಗಿಲಲ್ಲಿ ನಿಂತ ಆ ಮೂರ್ತಿಯನ್ನು ನೋಡಿ ಅತ್ತೆ ಪೊಲೀಸನೆಂದು ಹೆದರಿ ಒಳಗೆ ಸರಿದು, "ಮನಿಯಾಗ ಗಂಡಸ್ರು ಇಲ್ರಿ, ನಾಳಿ ಬರ್ರಿ" ಎಂದರಂತೆ. "ನಾನೇ ಬೇ, ಈ ಮನಿ ಗಂಡಸು" ಎಂದು ಆತ ಹೇಳಿದರೆ, "ಎಲ್ಲಾರೂ ಹಿಂಗ ಅಂತಾರ" ಎಂದು ಚಿಲಕ ಹಾಕಿಕೊಂಡರಂತೆ. ದೇಶ ಕಾಯ್ದು ಬಂದ ಯೋಧ ತನ್ನ ತಾಯಿ ಹೊಲದಿಂದ ಬರುವತನಕ ಕಟ್ಟೆಯ ಮೇಲೆ ಕುಳಿತು ಸ್ವಂತ ಮನೆಯ ಬಾಗಿಲು ಕಾಯ್ದರು.

ಆಗಿನ ಸುದ್ದಿ ಸಮಾಚಾರವೂ ಹಾಗೆಯೇ. ಕಲ್ಲೂರಿನ ಒಬ್ಬ ಸಿಪಾಯಿ ಅದೇ ಪಡೆಯಲ್ಲಿದ್ದ; ಆತ ರಜೆಗೆ ಬಂದಾಗ ದೇವದುರ್ಗಕ್ಕೂ ಬಂದು ಬಾಯಿಮಾತಿನ ಸುದ್ದಿ ಮುಟ್ಟಿಸುತ್ತಿದ್ದ. ಹಿರಿಯರೆಲ್ಲ ಕೂತಾಗ ಹೆಂಡತಿ ಹೇಗಿದ್ದಾಳೆ ಎಂದು ಕೇಳಿಸುವುದುಂಟೇ? ಮಾವನವರು ಹೇಳಿ ಕಳಿಸುತ್ತಿದ್ದರಂತೆ: "ಎಮ್ಮಿ ಹೆಂಗದ ಕೇಳಿ ಬಾ. ಮೇವು ನೀರು ಹೊತ್ತಿಗಿ ಸರಿಯಾಗಿ ತೊಗೋತದೇನು?" ಮಾವನವರ ತಂದೆಗೆ ತಲೆಬುಡ ತಿಳಿಯದೆ, "ನಮ್ಮ ಮನಿಯಾಗ ಎಮ್ಮಿ ಎಲ್ಲಿ ಬಂತೋ ಯಪ್ಪಾ?" ಎಂದರೆ, ಬಾಗಿಲ ಹಿಂದಿನಿಂದ ಅತ್ತೆ, "ಚೆಂದ ಮೇಯಾಕತ್ತದ, ರಾತ್ರಿ ಮಾತ್ರ ದಾರಿ ನೋಡಿ ಒದರ್ತದ ಅಂತ ಹೇಳ್ರಿ" ಎನ್ನುತ್ತಿದ್ದರು. ಪಾಪ, ಆ ಹಿರಿಯರು ಸಾಯುವತನಕ ಮಗನಿಗೆ ಮಿಲಿಟರಿಯಲ್ಲಿ ತಲೆ ಕೆಟ್ಟಿದೆ ಎಂದೇ ನಂಬಿದ್ದರಂತೆ.

ನನ್ನ ಕಾಲಕ್ಕೆ ಎಮ್ಮೆಯಿಂದ ಎಸ್‌ಟಿಡಿ ಬೂತಿಗೆ ಬಡ್ತಿ ಸಿಕ್ಕಿತ್ತು. ನಮ್ಮ ಓಣಿಯ ಬೂತು ಖಾಜಾ ಸಾಬರದು. ಭಾನುವಾರ ಫೋನು ಬಂದರೆ ಅವರು ಓಣಿಯ ತುದಿಯಿಂದಲೇ, "ಸರೋಜಕ್ಕಾ, ಭಾಯ್‌ಸಾಬ್ ಫೋನ್!" ಎಂದು ಕೂಗುತ್ತಿದ್ದರು. ನಾನು ಓಡುತ್ತಿದ್ದೆ, ನನ್ನ ಹಿಂದೆ ಅರ್ಧ ಓಣಿ. ಗಾಜಿನ ಪೆಟ್ಟಿಗೆಯೊಳಗೆ ನಾನು, ಹೊರಗೆ ಸಾಲಾಗಿ ಶ್ರೋತೃವೃಂದ. ಹೀಗಿರುವಾಗ ಮಾತಾದರೂ ಏನಿರುತ್ತದೆ? "ಊಟ ಆತೇನು?" ಹೂಂ. "ಕೂಸು ಅರಾಮ ಅದ ಏನು?" ಹೂಂ. "ನನ್ನ ನೆನಪಾಗ್ತದೇನು?" ಎಂದರೋ, ನಾನು ಕೂಡಲೇ, "ಹಲೋ, ಹಲೋ, ಕೇಳವಲ್ದು" ಎಂದು ಕಿವುಡಿಯಾಗುತ್ತಿದ್ದೆ. ಆದರೆ ಆ ಫೋನಿನ ದನಿ ಅದೆಷ್ಟು ಜೋರೆಂದರೆ, ಹೊರಗಿನಿಂದ ಖಾಜಾ ಸಾಬರು ಬಾಗಿಲು ತೆರೆದು, "ನೆನಪಾಗ್ತದೇನು ಅಂತ ಕೇಳಾಕತ್ತಾರ್ರಿ ಅಕ್ಕಾ!" ಎಂದು ಸಹಾಯ ಮಾಡುತ್ತಿದ್ದರು.

ಮುಂದೆ ಫಿರೋಜ್‌ಪುರದಲ್ಲಿ ಕ್ವಾರ್ಟರ್ಸು ಸಿಕ್ಕಿ, ಮೊದಲ ಸಲ ಹೆಂಗಸರ ಕೂಟಕ್ಕೆ ಹೋದೆ. ನನಗೆ ಹಿಂದಿ ಬರುತ್ತದೆಂಬ ಧೈರ್ಯವಿತ್ತು. ರಾಯಚೂರಿನ ಹಿಂದಿ ಎಂದರೆ ದಖ್ಖನಿ ಎಂಬುದು ಅಲ್ಲಿಯತನಕ ನನಗೆ ಯಾರೂ ಹೇಳಿರಲಿಲ್ಲ. ದೊಡ್ಡ ಸಾಹೇಬರ ಹೆಂಡತಿ ಸ್ವತಃ ಸಮೋಸದ ತಟ್ಟೆ ಹಿಡಿದು ಬಂದು "ಔರ್ ಲೀಜಿಯೇ" ಎಂದರು. ನಾನು ವಿನಯದಿಂದ ಬೇಡವೆನ್ನುತ್ತಾ, "ನಕ್ಕೋ" ಎಂದೆ. ಆಕೆಗೆ ಅದು ಹಿಂದಿಯ ನಾಕ್, ಅಂದರೆ ಮೂಗು, ಎಂದು ಕೇಳಿಸಿ, ಗಾಬರಿಯಾಗಿ ತನ್ನ ಮೂಗು ಮುಟ್ಟಿಕೊಂಡರು. ಚಟ್ನಿ ಹತ್ತಿರಬೇಕೆಂದು ಕರವಸ್ತ್ರದಿಂದ ಒರೆಸಿಕೊಂಡು, "ಅಬ್ ಠೀಕ್ ಹೈ?" ಎಂದರು. ನಾನು ಸಮೋಸದ ವಿಷಯವೇ ಎಂದುಕೊಂಡು, "ಹೌ, ಹೌ, ನಕ್ಕೋ" ಎಂದೆ. ಕೂಟ ಮುಗಿಯುವ ಹೊತ್ತಿಗೆ ಆ ತಾಯಿಯ ಮೂಗು ಒರೆಸಿ ಒರೆಸಿ ಕೆಂಪಗಾಗಿತ್ತು.

ಇರಲಿ. ಅತ್ತೆಯ ಮುಂದೆ ನಮ್ಮ ಸಮಸ್ಯೆ ಇಟ್ಟೆವು. ಅವರು ಪುಂಡಿ ಸೊಪ್ಪು ಸೋಸುತ್ತಲೇ ತೀರ್ಪು ಕೊಟ್ಟರು. "ಇದ್ರಾಗ ಕೇಳೂದೇನದ ಬೇ ಸರೋಜಿ? ಬಂದೂಕ ಹಿಡದು ಹೋದಾವ್ರು ಸೋಲ್ಜರು. ಮನಿಯಾಗ ಕುಂತು ದಾರಿ ನೋಡಾವ್ರು ಹೆಂಡ್ತಿ. ಈಗ ಯಾರು ದಾರಿ ನೋಡಾಕತ್ತಾರ? ನಿನ್ನ ಅಳಿಯ. ಅವನ್ನ ಕರ್ಕೊಂಡು ಬಾ."

ಹೇಳುವುದು ಸುಲಭ. ಅಳಿಯ ಪ್ರಭು ಮಾನ್ವಿಯಲ್ಲಿ ಪಿಯು ಕಾಲೇಜಿನ ಕೆಮಿಸ್ಟ್ರಿ ಲೆಕ್ಚರರು. ಮಾತು ಕಡಿಮೆ. ಅವನ ತಾಯಿ, ನನ್ನ ಬೀಗತಿ ಶರಣವ್ವ, ಹಿರೇಕೊಟ್ನೆಕಲ್ಲಿನ ಹೊಲಮನೆ ನೋಡಿಕೊಂಡು ಆಗಾಗ ಮಗನ ಮನೆಗೆ ಬಂದು ಹೋಗುತ್ತಾರೆ. ನಾವು ಮಾನ್ವಿಗೆ ಹೋದ ದಿನ ಅವರೂ ಅಲ್ಲೇ ಇದ್ದರು. ಅಳಿಯ ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ನಾನು ಸನ್ಮಾನದ ಸುದ್ದಿ ತೆಗೆದಿದ್ದೇ ತಡ, ಶರಣವ್ವನ ಮುಖ ಕೆಂಪಾಯಿತು.

"ಏನ್ರೀ ಸರೋಜಮ್ಮ, ನನ್ನ ಮಗನಿಗಿ ಉಡಿ ತುಂಬ್ತೀರೇನು? ನಮ್ಮೂರಾಗ ನೀರಿನ ಟ್ಯಾಂಕಿನ ಹತ್ರ ಹೋದ್ರ ಹೆಣ್ಮಕ್ಕಳು ಏನಂತಾರ ಗೊತ್ತದ ಏನು ನಿಮಗ? ಸೊಸಿ ಬಂದೂಕ ಹಿಡೀತಾಳಂತ, ಮಗ ಲಟ್ಟಣಿಗಿ ಹಿಡೀತಾನಂತ, ಅಂತಾರ. ನಾ ಕೊಡ ಅರ್ಧ ತುಂಬಿದ್ರೂ ಹೊತ್ಕೊಂಡು ಬಂದುಬಿಡ್ತೀನಿ." ಆಮೇಲೆ ದನಿ ಇಳಿಸಿ, "ಸುಜಾತಾಂದು ಮೊದಲ್ನೇ ಅವಧಿ ಮುಗೀತದಂತ. ಇನ್ನೂ ಮುಂದ ಇರ್ತೀನಿ ಅಂತ ಬರಕೊಡಬೇಕೋ, ಬಿಟ್ಟು ಬರಬೇಕೋ ಈಗ ಹೇಳಬೇಕಂತ. ಬಂದುಬಿಡ್ಲಿರಿ ಸಾಕು. ಇಬ್ರೂ ಒಂದು ಮನಿಯಾಗ ಇದ್ದಿದ್ದು ನಾ ಕಣ್ತುಂಬ ನೋಡೇ ಇಲ್ಲ" ಎಂದರು. ಕಣ್ಣಲ್ಲಿ ನೀರಿತ್ತು.

ಪ್ರಭು ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತಾ ಬಂದು ಎಲ್ಲವನ್ನೂ ಕೇಳಿ, ತಲೆ ತಗ್ಗಿಸಿ, "ಸುಜಾತಾನ್ನ ಕೇಳಿ ಹೇಳ್ತೀನ್ರಿ ಅತ್ತಿ" ಎಂದ. ನನಗೆ ಒಳಗೊಳಗೇ ನಗು. "ಅವರನ್ನ ಕೇಳಿ ಹೇಳ್ತೀನ್ರಿ" ಎಂದು ಜೀವಮಾನವಿಡೀ ನಾನು ಹೇಳಿದ ಮಾತು, ಅದೇ ದನಿ, ಅದೇ ಕತ್ತಿನ ಓರೆ. ಕೆಲವು ದಿನ ಸುಜಾತಾ ಸಿಗಲಿಲ್ಲ. ಕೊನೆಗೊಮ್ಮೆ ಅಳಿಯನ ಫೋನು ಬಂತು: "ಹೋಗು ಅಂದಾಳ್ರಿ ಅತ್ತಿ. ಸೀರಿ ಮಾತ್ರ ಉಡಬ್ಯಾಡ ಅಂದಾಳ." ಹಿಂದಿನಿಂದ ಶರಣವ್ವನ ದನಿ: "ನಾನೂ ಬರ್ತೀನಿ! ಇಂವನ ಮರ್ಯಾದಿ ಎಲ್ಲೀತನ ಹೋಗ್ತದ ಅಂತ ನೋಡಬೇಕಲ್ಲ!"

ಭಾನುವಾರ ಮಂಟಪ ತುಂಬಿತ್ತು. ವೇದಿಕೆಯ ಮೇಲೆ ದೊಡ್ಡ ಬ್ಯಾನರು: ವೀರ ಸತಿಯರಿಗೆ ಸನ್ಮಾನ. ಅದರ ಕೆಳಗೆ ಅತ್ತೆ, ನಾನು, ನನ್ನ ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಟವೆಲು ಹಾಕಿ, ಪರೀಕ್ಷೆಗೆ ಓದದೆ ಬಂದ ವಿದ್ಯಾರ್ಥಿಯಂತೆ ಬೆವರುತ್ತಿರುವ ಪ್ರಭು. ಶರಣವ್ವ ಮೊದಲ ಸಾಲಿನಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಅತ್ತೆಗೆ ಶಾಲು, ಹಣ್ಣು ಕೊಟ್ಟರು. ಕುಂಕುಮವಿಲ್ಲದ ಹಣೆಯೆಂದು ಉಡಿ ತುಂಬಲಿಲ್ಲ. ನನಗೆ ಶಾಲು ಹೊದಿಸಿ, ಉಡಿ ತುಂಬಿದರು. ಎರಡು ಮಾತಾಡಿ ಎಂದರು. ನಾನು ವಾರದಿಂದ ತಯಾರಿ ಮಾಡಿದ್ದ ಭಾಷಣವನ್ನು, ತ್ಯಾಗ, ಸಹನೆ, ಉರಿಯುವ ಹಣತೆ ಎಲ್ಲ ಸೇರಿಸಿ, ಗಂಟಲು ಹರಿಯುವಂತೆ ಒಪ್ಪಿಸಿದೆ. ಜನ ಶಾಸ್ತ್ರಕ್ಕೆ ಚಪ್ಪಾಳೆ ತಟ್ಟಿದರು. ಹಿಂದೆ ಯಾರೋ ಊಟಕ್ಕೆ ಏನು ಮಾಡಿದ್ದಾರೆಂದು ಕೇಳುತ್ತಿದ್ದರು.

ಆಮೇಲೆ ತಿಮ್ಮಾರೆಡ್ಡಿ ಮೈಕು ಹಿಡಿದು, ಬರೆದುಕೊಂಡಿದ್ದನ್ನೇ ಓದಿಬಿಟ್ಟ: "ಈಗ ಮೂರನೇ ವೀರ ಸತಿ, ಶ್ರೀಮತಿ ಪ್ರಭು ಅವರು!" ಮಂಟಪಕ್ಕೆ ಮಂಟಪವೇ ನಕ್ಕಿತು. ಪ್ರಭು ಎದ್ದು ನಿಂತ. ಉಡಿಯ ತಟ್ಟೆ ಹಿಡಿದ ಇಬ್ಬರು ಹೆಂಗಸರು ಒಂದು ಹೆಜ್ಜೆ ಮುಂದೆ ಇಟ್ಟು, ಗಂಡಸೆಂದು ಎರಡು ಹೆಜ್ಜೆ ಹಿಂದೆ ಸರಿದರು. ಏನು ಮಾಡಬೇಕೆಂದು ತಿಳಿಯದ ತಿಮ್ಮಾರೆಡ್ಡಿ, "ಮೊದಲ ಎರಡು ಮಾತು ಆಗಿಬಿಡ್ಲಿ ಸಾರ್" ಎಂದು ಮೈಕನ್ನು ಪ್ರಭುವಿನ ಕೈಗೆ ತುರುಕಿ ಪಾರಾದ.

"ನಂಗ ಭಾಷಣ ಬರಂಗಿಲ್ರಿ" ಎಂದ ಪ್ರಭು. ನಗು. "ಮೊನ್ನೆ ಪರೀಕ್ಷಾ ಪೇಪರ್ ತಿದ್ದಾಕತ್ತಿದ್ದೆ. ಭಾಳ ದಿನದ ಮ್ಯಾಲ ಅಕಿ ಫೋನ್ ಬಂತು. ಆಮ್ಯಾಲ ತಿದ್ದಿದ ಪೇಪರಿಗೆಲ್ಲ ಮಾರ್ಕ್ಸ್ ಜಾಸ್ತಿ ಬಿದ್ದಾವ್ರಿ." ಇನ್ನೂ ದೊಡ್ಡ ನಗು. ಅವನು ನಗಲಿಲ್ಲ. "ಟಿವಿಯಾಗ ಗಡಿ ಅಂತ ಸುದ್ದಿ ಬಂದ್ರ ಬಂದ್ ಮಾಡ್ತೀನಿ. ಬಂದ್ ಮಾಡಿ ಕುಂದ್ರಾಕಾಗಂಗಿಲ್ಲ, ಮತ್ತ ಹಚ್ತೀನಿ. ಅಕಿ ರಜಾಕ್ಕ ಬಂದ ದಿವ್ಸ ಇಬ್ರಿಗೂ ಏನು ಮಾತಾಡಬೇಕು ತಿಳಿಯಂಗಿಲ್ಲ, ನಾಚಿಕಿ ಬರ್ತದ. ಮಾತು ಹತ್ತೋ ಹೊತ್ತಿಗಿ ಅಕಿ ಬ್ಯಾಗ್ ತುಂಬಾಕತ್ತಿರ್ತಾಳ. ಅಷ್ಟೇ ನೋಡ್ರಿ."

ನಗು ಎಲ್ಲಿ ನಿಂತಿತೆಂದು ಯಾರಿಗೂ ಗೊತ್ತಾಗಲಿಲ್ಲ. ಹೆಂಗಸರ ಕಡೆಯಿಂದ ಒಂದು ಮುದಿ ದನಿ, "ನಂದೂ ಹಂಗೇ ಇತ್ತು ಯಪ್ಪಾ!" ಎಂದು ಕೂಗಿತು. ಇನ್ನೊಬ್ಬಳು, "ನಂದೂ!" ಎಂದಳು. ಆಮೇಲೆ ಯಾರು ಯಾರದು ಹೇಗಿತ್ತೆಂದು ಗದ್ದಲವೋ ಗದ್ದಲ. ಅಳುವವರು ನಗುತ್ತಿದ್ದರು, ನಗುವವರು ಮೂಗು ಸುರಿಸುತ್ತಿದ್ದರು. ನನ್ನ ಹಣತೆಗೆ ಒಬ್ಬರೂ ಅತ್ತಿರಲಿಲ್ಲ. ಬ್ಯಾಗ್ ತುಂಬುವ ಆ ಹೊತ್ತು ನನಗೂ ಗೊತ್ತಿತ್ತು. ಆದರೆ ಅಷ್ಟು ವರ್ಷ ಮಕ್ಕಳಿಗೆ ಚಳಿಯ ಕತೆ ಹೇಳಿದೆನೇ ಹೊರತು ಅದನ್ನು ಒಮ್ಮೆಯೂ ಹೇಳಿರಲಿಲ್ಲ.

ಅಷ್ಟರಲ್ಲಿ ಅತ್ತೆ ಕುರ್ಚಿಯಿಂದೆದ್ದು ತಟ್ಟೆಗೆ ಕೈ ಚಾಚಿದರು. "ಕೊಡ್ರಿ ಇತ್ತ. ನಾ ತುಂಬ್ತೀನಿ." ತಟ್ಟೆ ಹಿಡಿದವಳು ತಡವರಿಸಿ, "ಅಜ್ಜೀ, ಮುತ್ತೈದೇರು ತುಂಬಬೇಕಲ್ಲ..." ಎಂದು ಪಿಸುಗುಟ್ಟಿದಳು. ಆ ಪಿಸುಮಾತು ಮೈಕಿನಲ್ಲಿ ಮಂಟಪಕ್ಕೆಲ್ಲ ಕೇಳಿತು. ಅತ್ತೆಯ ಉತ್ತರಕ್ಕೆ ಮೈಕೇ ಬೇಕಾಗಿರಲಿಲ್ಲ: "ಗಂಡಸಿಗಿ ಉಡಿ ತುಂಬಾಕ ನಿಂತೀರಿ, ನಿಮಗ ಇನ್ನ ಯಾವ ಶಾಸ್ತ್ರ ಉಳದದ ಬೇ?"

ಪ್ರಭು ಟವೆಲನ್ನು ಎರಡು ಕೈಯಲ್ಲಿ ಹರಡಿ ಹಿಡಿದ. ಅತ್ತೆ ಅಕ್ಕಿ ಸುರಿದರು, ಉತ್ತತ್ತಿ, ಅರಿಶಿಣ ಕೊಂಬು, ಕುಬುಸದ ಬಟ್ಟೆಯ ಕಣ, ಮೇಲೊಂದು ತೆಂಗಿನಕಾಯಿ. ಹಿಡಿದು ಗೊತ್ತಿಲ್ಲದ ಕೈ. ಟವೆಲಿನ ಒಂದು ತುದಿ ಜಾರಿ ಅಕ್ಕಿ ಸರಸರ ಚೆಲ್ಲತೊಡಗಿತು. ಮೊದಲ ಸಾಲಿನಿಂದ ಶರಣವ್ವ ಎದ್ದರು. ಮೆಟ್ಟಿಲು ಹತ್ತಿ ಬರುವ ರಭಸ ನೋಡಿ ಮಗನನ್ನು ಎಳೆದುಕೊಂಡು ಹೋಗುತ್ತಾರೆಂದೇ ನಾನು ಎದ್ದು ನಿಂತೆ. ಅವರು ನೇರ ಮಗನ ಮುಂದೆ ಬಂದು ಅವನ ಕೈಮೇಲೆ ಪಟ್ಟನೆ ಹೊಡೆದರು. "ಉಡಿ ಹಿಂಗ ಹಿಡೀತಾರೇನಲೇ? ತುದಿ ಸೊಂಟಕ್ಕ ಸಿಗಿಸು. ಚೆಲ್ಲಿದ್ರ ಅಕಿಗಿ ಒಳ್ಳೇದಲ್ಲ!" ಎಂದು ತಾವೇ ಟವೆಲು ಸರಿಮಾಡಿ, ಬಿದ್ದ ಅಕ್ಕಿಯನ್ನು ಬೊಗಸೆಯಲ್ಲಿ ಬಳಿದು, ಕಣ್ಣಿಗೊತ್ತಿಕೊಂಡು, ಮಗನ ಉಡಿಗೆ ಹಾಕಿದರು. ತಿಮ್ಮಾರೆಡ್ಡಿ ಫೋಟೋ ಹೊಡೆಯುವವನನ್ನು ಕೂಗುತ್ತಾ ತಾನೇ ಅಳುತ್ತಿದ್ದ.

ಸಂಜೆ ಎಲ್ಲರೂ ನಮ್ಮ ಮನೆಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುತ್ತಾ ಕೂತಿದ್ದೆವು. ಸುಜಾತಾಳ ವಿಡಿಯೋ ಕಾಲ್ ಬಂತು. ಪ್ರಭು ಮಾತಾಡುವ ಮೊದಲೇ ಶರಣವ್ವ ಮೊಬೈಲು ಕಸಿದುಕೊಂಡರು. "ಸುಜಾತಾ, ಅದೇನೋ ಬರಕೊಡೂದು ಅದಲ್ಲ, ಇನ್ನೂ ಇರ್ತೀನಿ ಅಂತ ಬರಕೊಟ್ಟುಬಿಡು."

"ಯಾಕ್ರೀ ಅತ್ತಿ? ನೀವೇ ಬಾ ಅಂತಿದ್ರೆಲ್ಲ?" ಸುಜಾತಾ ಬೆರಗಾದಳು.

"ಅಂತಿದ್ದೆ. ಈಗ ಇಂವ ನಾಕು ಮಂದ್ಯಾಗ ಉಡಿ ತುಂಬಿಸ್ಕೊಂಡಾನ. ನೀ ನೌಕರಿ ಬಿಟ್ಟು ಬಂದ್ರ ನಾ ಊರಾಗ ಏನಂತ ಮಾರಿ ತೋರಿಸ್ಲಿ? ನಿನ್ನ ಮನಸ್ಸು ಹೆಂಗದ ಹಂಗ ಮಾಡು. ನಡುನಡುವ ರಜಾ ಹಾಕಿ ಬರ್ತಿರು, ಅಷ್ಟ ಸಾಕು."

ಪರದೆಯ ಮೇಲೆ ಸುಜಾತಾಳ ಮುಖ ಒಮ್ಮೆ ಅತ್ತಿತ್ತ ಆಗಿ, ಕಣ್ಣೊರೆಸಿಕೊಂಡು ತಿರುಗಿ ಬಂತು. ಮಿಲಿಟರಿಯವರೆಂದು ಎಲ್ಲರೆದುರು ಜಂಬ ಕೊಚ್ಚುವ ನನಗೇ ಒಮ್ಮೆಲೇ, ಬಂದುಬಿಡವ್ವಾ ಎಂಬ ಮಾತು ತುದಿನಾಲಿಗೆಗೆ ಬಂತು. ಅನುಭವಸ್ಥ ಮಿಲಿಟರಿ ಹೆಂಡತಿ ಹಾಗೆನ್ನಬಾರದೆಂದು ನುಂಗಿಕೊಂಡು, ಮೊಬೈಲು ಇಸಿದುಕೊಂಡು, ಗಂಭೀರವಾಗಿ ಹೇಳಿದೆ: "ಆ ಹಿಮದಾಗ ಬರೇ ಕಾಲಿಲೆ ಅಡ್ಡಾಡಬ್ಯಾಡ. ಉಣ್ಣಿ ಸ್ವೆಟರ್ ಹಾಕ್ಕೋ, ಕಿವಿ ಮುಚ್ಕೋ."

"ಯಾವ ಹಿಮ ಯವ್ವಾ? ನಾ ರಾಜಸ್ಥಾನದಾಗ ಅದೀನಿ. ಇಲ್ಲಿ ಉಸುಕು ಸುಡಾಕತ್ತದ. ಬಂದು ತಿಂಗಳಾತು, ಪ್ರಭುಗ ಗೊತ್ತದಲ್ಲ?"

ಎಲ್ಲರೂ ಪ್ರಭುವಿನ ಕಡೆ ತಿರುಗಿದೆವು. ಅವನು ಮಿರ್ಚಿಯ ತೊಟ್ಟನ್ನು ತಟ್ಟೆಯ ಅಂಚಿಗೆ ಇಟ್ಟು, ನೆಲ ನೋಡುತ್ತಾ, "ಹೋಗೋ ಮುಂದ ಯಾರಿಗೂ ಹೇಳಬ್ಯಾಡ ಅಂದಿದ್ಳ್ರೀ ಅತ್ತಿ, ಡ್ಯೂಟಿ ವಿಷಯ. ಈಗ ಹೇಳಬಹುದು ಅಂತ ಅಕಿ ಹೇಳಿರಲಿಲ್ಲ" ಎಂದ. ಒಂದು ತಿಂಗಳು ಅವನು ಅದೆಷ್ಟು ಸಲ ನನ್ನ ಜೊತೆ ಮಾತಾಡಿದ್ದ. ಹಿಮದ ಬಗ್ಗೆ ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ್ದ. ನಾನಾದರೆ ನನ್ನವರ ಪೋಸ್ಟಿಂಗು ಗೊತ್ತಾದ ಸಂಜೆಯೇ ಖಾಜಾ ಸಾಬರಿಗೆ ಹೇಳಿ ಬರುತ್ತಿದ್ದೆ.

ಅತ್ತೆ ಬಾಯೊಳಗಿನ ಮಂಡಕ್ಕಿ ನುಂಗಿ, ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. "ಖರೇ ಮಿಲ್ಟ್ರಿ ಹೆಂಡ್ತಿ ಅಂದ್ರ ಇಂವ ನೋಡು ಬೇ ಸರೋಜಿ. ನೀ ಸುಮ್ಮ ಮಿಲ್ಟ್ರಿ ರೇಡಿಯೋ."

ನನ್ನವರು ಪೇಪರಿನ ಹಿಂದೆ ಅಡಗಿದರು. ಪೇಪರು ಕುಣಿಯುತ್ತಿತ್ತು. ನಾನು ಬೆಳಗಿನಿಂದ ಹೆಗಲ ಮೇಲಿಂದ ಇಳಿಸದಿದ್ದ ಸನ್ಮಾನದ ಶಾಲನ್ನು ಮೆಲ್ಲಗೆ ಮಡಚಿ, ಯಾರಿಗೂ ಕಾಣದಂತೆ ಅಳಿಯನ ಪಕ್ಕದಲ್ಲಿಟ್ಟು, ಇನ್ನಷ್ಟು ಮಿರ್ಚಿ ಕರಿಯಲು ಒಳಗೆ ಹೋದೆ.